ನಾಲ್ಕು ಬೈಟ್ ಒಟ್ಟಿಗೆ: ಕಾರ್ಟೆಕ್ಸ್-ಎಂ4ನಲ್ಲಿ ಸ್ಟ್ರಿಂಗ್ ಎಣಿಸುವ ಕೆಲಸ

ಫರ್ಮ್‌ವೇರ್ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಅಸೆಂಬ್ಲಿ (ಪ್ರೊಸೆಸರ್‌ನ ಒಂದೊಂದು ಇನ್‌ಸ್ಟ್ರಕ್ಷನ್ನೂ ಕೈಯಾರೆ ಬರೆಯುವ ಭಾಷೆ) ಮೇಲೆ ಒಂದು ಮೋಹ ಇರುತ್ತದೆ. "ಸ್ಟ್ರ್‌ಲೆನ್ ನಾನೇ ಬರೀತೀನಿ ಸರ್, ಲೈಬ್ರರೀದು ಸ್ಲೋ" ಅಂತಾರೆ. ಸ್ಟ್ರ್‌ಲೆನ್ ಅಂದರೆ ಒಂದು ಸ್ಟ್ರಿಂಗ್ (ಬೈಟ್‌ಗಳಲ್ಲಿಟ್ಟ ಪಠ್ಯ) ಕೊನೆಯ ಸೊನ್ನೆ ಬೈಟ್ ಬರುವವರೆಗೆ ಎಷ್ಟು ಉದ್ದ ಇದೆ ಅಂತ ಎಣಿಸುವ ಫಂಕ್ಷನ್. ಬರೀಲಿ, ಬೇಡ ಅನ್ನಲ್ಲ. ಆದರೆ ನಾನು ಮೊದಲು ಕೇಳುವುದು ಪ್ರೊಸೆಸರ್ ಬಗ್ಗೆ ಅಲ್ಲ. ನಿಮ್ಮ ಸ್ಟ್ರಿಂಗ್ ಸಾಮಾನ್ಯವಾಗಿ ಎಷ್ಟು ಉದ್ದ ಇರುತ್ತೆ, ಅದರೊಳಗೆ ಏನಿರುತ್ತೆ? ಇದಕ್ಕೆ ಉತ್ತರ ಗೊತ್ತಿಲ್ಲದೆ ಶುರು ಮಾಡಿದರೆ ಎಷ್ಟೇ ಜಾಣ ಕೋಡ್ ಬರೆದರೂ ಸುಮ್ನೆ ಮೈಕೈ ನೋವು.

ಸಾದಾ ಲೂಪ್ ನೋಡೋಣ. ಒಂದು ಬೈಟ್ ಓದು, ಸೊನ್ನೆಯಾ ನೋಡು, ಅಲ್ಲದಿದ್ದರೆ ಮತ್ತೆ ಮೇಲಕ್ಕೆ ಹೋಗು. ಮೂರೇ ಇನ್‌ಸ್ಟ್ರಕ್ಷನ್. ಎಂ4 (ಚಿಕ್ಕ ಉಪಕರಣಗಳಿಗೆ ಆರ್ಮ್ ಮಾಡಿದ ಕಾರ್ಟೆಕ್ಸ್-ಎಂ4 ಪ್ರೊಸೆಸರ್) ಮ್ಯಾನ್ಯುಯಲ್ ಪ್ರಕಾರ ಲೋಡ್‌ಗೆ, ಅಂದರೆ ಮೆಮೊರಿಯಿಂದ ಓದಲು, 2 ಸೈಕಲ್ (ಚಿಪ್‌ನ ಗಡಿಯಾರದ ಮಿಡಿತ), ಹೋಲಿಕೆಗೆ 1. ಬ್ರಾಂಚ್ ಜಿಗಿದರೆ ಅದಕ್ಕೆ 1, ಅದರ ಮೇಲೆ ಪೈಪ್‌ಲೈನ್ (ಕಾಯುತ್ತಿರುವ ಮುಂದಿನ ಇನ್‌ಸ್ಟ್ರಕ್ಷನ್‌ಗಳ ಸಾಲು) ಮತ್ತೆ ತುಂಬಿಕೊಳ್ಳಲು 1ರಿಂದ 3. ಒಟ್ಟು ಬೈಟ್‌ಗೆ 5ರಿಂದ 7 ಸೈಕಲ್. ಇದರಲ್ಲಿ ಓದುವುದಕ್ಕೆ ಹೋಗಿದ್ದು ಎರಡೇ, ಎರಡರಿಂದ ನಾಲ್ಕು ಹಿಂದಕ್ಕೆ ಜಿಗಿಯುವುದರಲ್ಲೇ ಹೋಯ್ತು. ಹಾಗಾಗಿ ಉಳಿತಾಯ ಮಾಡಬೇಕಾದ್ದು ಜಿಗಿತದಲ್ಲಿ: ಒಂದು ಸುತ್ತಿಗೆ ಒಂದರ ಬದಲು ನಾಲ್ಕು ಬೈಟ್ ಮುಗಿಸಬೇಕು.

ನಾಲ್ಕು ಬೈಟ್ ಒಂದೇ ರಿಜಿಸ್ಟರ್‌ಗೆ (ಪ್ರೊಸೆಸರ್‌ನೊಳಗಿನ 32 ಬಿಟ್‌ನ ಜಾಗ) ಬಂದ ಮೇಲೆ ಅದರಲ್ಲಿ ಎಲ್ಲಾದರೂ ಸೊನ್ನೆ ಇದೆಯಾ ಅಂತ ಹೇಗೆ ತಿಳಿಯುವುದು? ಎಂ4ನಲ್ಲಿ ಇದಕ್ಕೆ ಯುಆಡ್8 ಅನ್ನುವ ಇನ್‌ಸ್ಟ್ರಕ್ಷನ್ ಇದೆ. ನಾಲ್ಕೂ ಬೈಟನ್ನು ಬೇರೆಬೇರೆಯಾಗಿ ಕೂಡುತ್ತದೆ, ಯಾವುದು ತುಂಬಿ ಚೆಲ್ಲಿತು ಅಂತ ನಾಲ್ಕು ಜಿಇ ಫ್ಲ್ಯಾಗ್‌ಗಳಲ್ಲಿ ಬರೆದಿಡುತ್ತದೆ. ಪ್ರತಿ ಬೈಟ್‌ಗೂ 255 ಕೂಡಿಸಿ. ಬೈಟ್ ಒಂದೋ ಅದಕ್ಕಿಂತ ಜಾಸ್ತಿಯೋ ಇದ್ದರೆ ಚೆಲ್ಲಲೇಬೇಕು, ಸೊನ್ನೆ ಆಗಿದ್ದರೆ ಮಾತ್ರ ಚೆಲ್ಲುವುದಿಲ್ಲ. ಆಮೇಲೆ ಸೆಲ್ ಇನ್‌ಸ್ಟ್ರಕ್ಷನ್ ಆ ಫ್ಲ್ಯಾಗ್ ನೋಡಿಕೊಂಡು, ಚೆಲ್ಲಿದ ಕಡೆ 0, ಚೆಲ್ಲದ ಕಡೆ 255 ಇಟ್ಟುಕೊಡುತ್ತದೆ. ಉತ್ತರ ಪೂರ್ತಿ ಸೊನ್ನೆಯಾದರೆ ಸ್ಟ್ರಿಂಗ್ ಇನ್ನೂ ಮುಗಿದಿಲ್ಲ, ಮುಂದಿನ ನಾಲ್ಕಕ್ಕೆ ಹೋಗಿ. ಒಂದು ಸುತ್ತಿಗೆ 7ರಿಂದ 9 ಸೈಕಲ್, ಅಂದರೆ ಬೈಟ್‌ಗೆ ಹೆಚ್ಚುಕಮ್ಮಿ 2. ಸೊನ್ನೆ ಸಿಕ್ಕಾಗ ರೆವ್ ಹಾಕಿ ಬೈಟ್‌ಗಳ ಸಾಲು ತಿರುಗಿಸಿ, ಸಿಎಲ್‌ಝಡ್‌ನಿಂದ ಮುಂದಿರುವ ಸೊನ್ನೆ ಬಿಟ್‌ಗಳನ್ನು ಎಣಿಸಿ, ಎಂಟರಿಂದ ಭಾಗಿಸಿದರೆ ಅದು ಎಷ್ಟನೇ ಬೈಟ್ ಅಂತ ಸಿಗುತ್ತದೆ.

ಅದೇ ಕುಟುಂಬದ ಎಂ3ನಲ್ಲಿ ಯುಆಡ್8 ಇಲ್ಲ. ಅಲ್ಲಿ ಹಳೇ ಉಪಾಯ: ನಾಲ್ಕೂ ಬೈಟ್‌ನಿಂದ ಒಂದೊಂದು ಕಳೆದು, ಯಾವುದರ ಮೇಲಿನ ಬಿಟ್ ಎದ್ದಿತು, ಅಂದರೆ 1 ಆಯಿತು, ಅಂತ ನೋಡುವುದು. ಸೊನ್ನೆಯಿಂದ ಒಂದು ಕಳೆದರೆ 255, ಮೇಲಿನ ಬಿಟ್ ಏಳುತ್ತದೆ. ಇಂಗ್ಲಿಷ್ ಅಕ್ಷರಗಳಿಗೆ ಇಷ್ಟೇ ಸಾಕು, ಎಲ್ಲವೂ 128ರ ಕೆಳಗೇ ಇರುತ್ತವೆ. ಇಷ್ಟಕ್ಕೇ ನಿಲ್ಲಿಸಿ, ನಿಜವಾಗಿ ಸೊನ್ನೆಯಾ ಅಂತ ಕೊನೆಗೆ ಬೈಟ್ ಬೈಟಾಗಿ ಖಚಿತಪಡಿಸಿಕೊಳ್ಳುವ ಕೋಡ್ ಈಗಲೂ ಅಲ್ಲಲ್ಲಿ ಸಿಗುತ್ತದೆ.

ಅದಕ್ಕೆ ಕನ್ನಡ ಕೊಟ್ಟು ನೋಡಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ (ವ್ಯಂಜನ, ಸ್ವರಚಿಹ್ನೆ ಮುಂತಾದ ಒಂದೊಂದಕ್ಕೆ ಕೊಟ್ಟ ಸಂಖ್ಯೆ) ಮೂರು ಬೈಟ್. ಮೊದಲನೆಯದು ಯಾವಾಗಲೂ ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) ಇ0, ಎರಡನೆಯದು ಬಿ2 ಇಲ್ಲವೇ ಬಿ3. "ಬೆ" ಬರೆದರೆ ಮೆಮೊರಿಯಲ್ಲಿ ಇ0 ಬಿ2 ಎಸಿ, ಇ0 ಬಿ3 86. ಎಲ್ಲ ಬೈಟ್‌ನ ಮೇಲಿನ ಬಿಟ್ಟೂ ಮೊದಲೇ ಎದ್ದು ಕೂತಿದೆ! ಇ0ಯಿಂದ ಒಂದು ಕಳೆದರೂ ಅದು ಇಳಿಯುವುದಿಲ್ಲ. ಹಾಗಾಗಿ ಪ್ರತಿ ನಾಲ್ಕು ಬೈಟ್‌ಗೂ "ಸೊನ್ನೆ ಸಿಕ್ತು" ಅಂತ ಲೂಪ್ ನಿಲ್ಲುತ್ತದೆ, ಒಂದೊಂದೇ ಬೈಟ್ ಪರೀಕ್ಷೆ ಮಾಡುತ್ತದೆ, ಇಲ್ಲ ಅಂತ ಗೊತ್ತಾಗಿ ಮುಂದೆ ಹೋಗುತ್ತದೆ. ಉತ್ತರ ಸರಿಯಾಗೇ ಬರುತ್ತೆ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಸಾದಾ ಲೂಪ್‌ಗಿಂತ ನಿಧಾನ. ಪರಿಹಾರ ಒಂದೇ ಇನ್‌ಸ್ಟ್ರಕ್ಷನ್: ಕಳೆದ ಮೇಲೆ ಬಿಕ್ ಬಳಸಿ, ಮೂಲದಲ್ಲೇ ಎದ್ದಿದ್ದ ಬಿಟ್‌ಗಳನ್ನು ಅಳಿಸಿಬಿಡಿ. ಟೆಸ್ಟ್ ಡೇಟಾದಲ್ಲಿ ಬರೀ "ಹಲೋ ವರ್ಲ್ಡ್" ಇಟ್ಟುಕೊಂಡವರಿಗೆ ಈ ತೊಂದರೆ ಎಂದೂ ಕಾಣುವುದಿಲ್ಲ.

ಇನ್ನು ತಲೆ ಮತ್ತು ಬಾಲ. ಸ್ಟ್ರಿಂಗ್ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲೇ ಶುರುವಾಗಬೇಕು ಅಂತೇನಿಲ್ಲ ಅಲ್ವಾ? ವಿಳಾಸವನ್ನು ಹಿಂದಕ್ಕೆ ಸರಿಸಿ, ನಾಲ್ಕರ ಗಡಿಯಿಂದ ಓದಿ, ಸ್ಟ್ರಿಂಗ್‌ಗೆ ಸೇರದ ಆ ಮೊದಲ ಬೈಟ್‌ಗಳಿಗೆ 255 ತುಂಬಿಸಿದರೆ ಅವು ಸೊನ್ನೆ ಅನ್ನಿಸಿಕೊಳ್ಳುವುದಿಲ್ಲ. ಕೊನೆಯಲ್ಲಿ ಸ್ಟ್ರಿಂಗ್ ದಾಟಿ ಒಂದೆರಡು ಬೈಟ್ ಜಾಸ್ತಿ ಓದುತ್ತೇವೆ, ನಿಜ. ಆದರೆ ಗಡಿಗೆ ಸರಿಯಾಗಿ ಓದಿದ ನಾಲ್ಕು ಬೈಟ್ ಎಂಪಿಯು (ಮೆಮೊರಿಯ ಯಾವ ಭಾಗ ಮುಟ್ಟಬಹುದು ಅಂತ ಕಾಯುವ ಘಟಕ) ಹಾಕಿದ ಬೇಲಿಯನ್ನು ದಾಟಲಾರದು, ಅಲ್ಲಿ ಅತಿ ಚಿಕ್ಕ ಪ್ರದೇಶವೇ 32 ಬೈಟ್. ಎಂಟೆಂಟು ಬೈಟ್ ಓದುವ ಎಲ್‌ಡಿಆರ್‌ಡಿ ಹಾಕುವ ಆಸೆ ಇದ್ದರೆ ಈ ಗಡಿ ಇನ್ನೂ ಮುಖ್ಯ. ನಾಲ್ಕು ಬೈಟ್ ಓದುವ ಸಾದಾ ಎಲ್‌ಡಿಆರ್ ಹೇಗಿಟ್ಟರೂ ಎಂ4 ಸಹಿಸಿಕೊಳ್ಳುತ್ತದೆ, ಎಲ್‌ಡಿಆರ್‌ಡಿ ಗಡಿ ತಪ್ಪಿದರೆ ನೇರ ಯೂಸೇಜ್ ಫಾಲ್ಟ್, ಅಂದರೆ ಪ್ರೊಸೆಸರ್ ಎಬ್ಬಿಸುವ ದೋಷ.

ಈ ತಲೆ-ಬಾಲದ ಕೆಲಸಕ್ಕೂ ಸೈಕಲ್ ಬೇಕು, ಸ್ಟ್ರಿಂಗ್ ಚಿಕ್ಕದಾದರೂ ಅದು ಕಮ್ಮಿ ಆಗುವುದಿಲ್ಲ. ಮೋಡೆಮ್‌ನಿಂದ ಬರುವ ಎರಡಕ್ಷರದ "ಓಕೆ"ಗೆ ಇಷ್ಟೆಲ್ಲ ಸಿದ್ಧತೆ ಮಾಡಿಕೊಳ್ಳುವಷ್ಟರಲ್ಲಿ ಸಾದಾ ಲೂಪ್ ಕೆಲಸ ಮುಗಿಸಿ ಆಗಿರುತ್ತದೆ. ಉದ್ದ ಕೇಳಿದ್ದು ಇದಕ್ಕೇ. ನನ್ನನ್ನು ಕೇಳಿದರೆ ಸ್ಟ್ರ್‌ಲೆನ್ ಅಸೆಂಬ್ಲಿಯಲ್ಲಿ ಬರೆಯುವುದೇ ಬೇಡ. ಚಿಕ್ಕ ಚಿಪ್‌ಗಳಿಗೆ ಬಳಸುವ ಸಿ ಲೈಬ್ರರಿ ನ್ಯೂಲಿಬ್‌ನಲ್ಲಿ ಯುಆಡ್8-ಸೆಲ್ ಬಳಸಿದ್ದೇ ಇದೆ, ಬಿಲ್ಡ್‌ನಲ್ಲಿ ಅದು ನಿಜವಾಗಿ ಸೇರಿದೆಯಾ ಅಂತ ಡಿಸ್‌ಅಸೆಂಬ್ಲಿ (ತಯಾರಾದ ಕೋಡ್‌ನ ಇನ್‌ಸ್ಟ್ರಕ್ಷನ್ ಪಟ್ಟಿ) ತೆಗೆದು ನೋಡಿ ಸಾಕು. ಅದಕ್ಕಿಂತ ಒಳ್ಳೇದು, ಉದ್ದವನ್ನು ಒಂದು ಸಲ ಲೆಕ್ಕ ಹಾಕಿ ಸ್ಟ್ರಿಂಗ್ ಜೊತೆಗೇ ಇಟ್ಟುಕೊಳ್ಳುವುದು.

ಅಸೆಂಬ್ಲಿಗೆ ಬೆಲೆ ಬರುವುದು ಲೈಬ್ರರಿಯಲ್ಲಿ ಇಲ್ಲದ ಕೆಲಸಕ್ಕೆ. ಉದಾಹರಣೆಗೆ ಓಡುವ ಅಕ್ಷರದ ಎಲ್‌ಇಡಿ ಬೋರ್ಡ್‌ಗೆ ಕನ್ನಡ ಸಾಲಿನಲ್ಲಿ ಎಷ್ಟು ಕೋಡ್‌ಪಾಯಿಂಟ್ ಇದೆ ಅಂತ ಬೇಕು, ಬೈಟ್ ಲೆಕ್ಕ ಆಗಲೇ ಗೊತ್ತಿದೆ. ಮುಂದುವರಿಕೆಯ ಬೈಟ್‌ಗಳನ್ನು, ಅಂದರೆ ಕೋಡ್‌ಪಾಯಿಂಟ್‌ನ ಮೊದಲ ಬೈಟ್ ಬಿಟ್ಟು ಉಳಿದವನ್ನು, ಎಣಿಸಿ ಕಳೆದರೆ ಆಯಿತು. ಅವುಗಳ ಗುರುತು (ಬಿಟ್‌ಗಳನ್ನು ಸೊನ್ನೆಯಿಂದ ಎಣಿಸಿ): ಏಳನೇ ಬಿಟ್ 1, ಆರನೇ ಬಿಟ್ 0. ಬಿಕ್ ಇನ್‌ಸ್ಟ್ರಕ್ಷನ್ ಎರಡನೇ ಆಪರೆಂಡ್‌ನ್ನು ದಾರಿಯಲ್ಲೇ ಒಂದು ಬಿಟ್ ಎಡಕ್ಕೆ ಸರಿಸಿ ಕೊಡುತ್ತದೆ. ಹಾಗಾಗಿ ಅದೇ ರಿಜಿಸ್ಟರನ್ನು ಎರಡು ಸಲ ಕೊಟ್ಟರೆ ಆರನೇ ಬಿಟ್ ಏಳನೆಯದರ ಜಾಗಕ್ಕೆ ಬಂದು, ಬೇಡದ್ದನ್ನೆಲ್ಲ ಅಳಿಸುತ್ತದೆ. ಆಮೇಲೆ ಹೆಕ್ಸ್ 80808080 ಜೊತೆ ಆಂಡ್. ಈಗ ಮುಂದುವರಿಕೆಯ ಬೈಟ್ ಇದ್ದ ಕಡೆ 128, ಉಳಿದೆಡೆ ಸೊನ್ನೆ. ಇವನ್ನು ಕೂಡಲು ಯುಸಾಡಾ8: ಎರಡು ರಿಜಿಸ್ಟರ್‌ಗಳ ಬೈಟ್‌ಗಳ ವ್ಯತ್ಯಾಸ ಕೂಡಿ ಮೊತ್ತಕ್ಕೆ ಸೇರಿಸುತ್ತದೆ, ವಿಡಿಯೋ ಕೆಲಸದವರಿಗೆ ಬೇಕಾದ ಇನ್‌ಸ್ಟ್ರಕ್ಷನ್. ಎರಡನೆಯದರಲ್ಲಿ ಸೊನ್ನೆ ಇಟ್ಟರೆ ಬರೀ ಬೈಟ್‌ಗಳ ಮೊತ್ತ. ಲೂಪ್ ಮುಗಿದ ಮೇಲೆ ಒಂದೇ ಸಲ ಏಳು ಬಿಟ್ ಬಲಕ್ಕೆ ಸರಿಸಿ. ನಾಲ್ಕು ಬೈಟ್‌ಗೆ ಲೆಕ್ಕದ ಇನ್‌ಸ್ಟ್ರಕ್ಷನ್ ಮೂರೇ. ಸಿ ಕಂಪೈಲರ್ ತಾನಾಗಿ ಇದನ್ನು ಹೊಳೆಸಿಕೊಳ್ಳಲಿ ಅಂತ ಕಾಯಬೇಡಿ.

ಒಂದು ಮಾತು: ಇದು ಕೋಡ್‌ಪಾಯಿಂಟ್ ಲೆಕ್ಕ, ಅಕ್ಷರದ್ದಲ್ಲ. "ಬೆಂಗಳೂರು" ಕಣ್ಣಿಗೆ ನಾಲ್ಕಕ್ಷರ, ಕೋಡ್‌ಪಾಯಿಂಟ್ 8, ಬೈಟ್ 24. ಒತ್ತಕ್ಷರ ಬಂದರೆ ಅಗಲ ಎಷ್ಟು ಅನ್ನುವುದು ಫಾಂಟ್ ಕೋಡ್‌ನ ತಲೆನೋವು.

ಅಳೆಯುವುದಕ್ಕೆ ಚಿಪ್‌ನೊಳಗೇ ಮೀಟರ್ ಇದೆ, ಡಿಡಬ್ಲ್ಯುಟಿ ಅನ್ನುವ ಡೀಬಗ್ ಭಾಗದ ಸೈಕಲ್ ಕೌಂಟರ್, ವಿಳಾಸ ಹೆಕ್ಸ್ ಇ0001004. ಮೊದಲು ಡೆಮ್‌ಸಿಆರ್ ಅನ್ನುವ ಡೀಬಗ್ ರಿಜಿಸ್ಟರ್‌ನ 24ನೇ ಬಿಟ್ ಎಬ್ಬಿಸಬೇಕು, ಇಲ್ಲದಿದ್ದರೆ ಕೌಂಟರ್ ಓಡುವುದಿಲ್ಲ. ಒಂದೇ ಫಂಕ್ಷನ್ ಎರಡು ಸಲ ಅಳೆಯಿರಿ, ಎರಡೂ ಬರೆದಿಡಿ. ಎಸ್‌ಟಿಎಂ32ಎಫ್407ನಂಥ ಚಿಪ್ 168 ಮೆಗಾಹರ್ಟ್ಸ್‌ನಲ್ಲಿ ಓಡುವಾಗ ಕೋಡ್ ಇರುವ ಫ್ಲ್ಯಾಶ್ ಮೆಮೊರಿಗೆ 5 ವೇಟ್ ಸ್ಟೇಟ್ (ಕಾಯುವ ಸೈಕಲ್) ಬೇಕು, ಅದನ್ನು ಮುಚ್ಚಲು ಚಿಕ್ಕ ಕ್ಯಾಶ್ (ಬೇಗ ಓದಬಹುದಾದ ಮೆಮೊರಿ) ಇಟ್ಟಿದ್ದಾರೆ. ಮೊದಲ ಸಲ ಅದು ಖಾಲಿ, ಎರಡನೇ ಸಲ ಲೂಪ್ ಅದರೊಳಗೇ ಇರುತ್ತದೆ. ನಿಮ್ಮ ಫಂಕ್ಷನ್ ಸೆಕೆಂಡಿಗೊಮ್ಮೆ ಮಾತ್ರ ಓಡುವುದಾದರೆ ನಂಬಬೇಕಾದ್ದು ಮೊದಲ ಸಂಖ್ಯೆ, ಎರಡನೆಯದಲ್ಲ. ಮೇಲೆ ಹೇಳಿದ ಸೈಕಲ್ ಲೆಕ್ಕವೆಲ್ಲ ವೇಟ್ ಸ್ಟೇಟ್ ಇಲ್ಲದಿದ್ದಾಗಿನದು.

ಇದೇ ಕೋಡ್ ಎತ್ತಿಕೊಂಡು ಎಂ0ಗೆ ಹೋಗಬೇಡಿ. ಅಲ್ಲಿ ಯುಆಡ್8 ಇಲ್ಲ, ಸಿಎಲ್‌ಝಡ್ ಇಲ್ಲ, ಗಡಿ ತಪ್ಪಿದ ಎಲ್‌ಡಿಆರ್‌ಗೂ ಹಾರ್ಡ್ ಫಾಲ್ಟ್. ಎಂ33ನಲ್ಲಿ ಯುಆಡ್8ನಂಥ ಇನ್‌ಸ್ಟ್ರಕ್ಷನ್ ಇರುವ ಡಿಎಸ್‌ಪಿ ಭಾಗ ಚಿಪ್ ಮಾಡಿದವರ ಇಷ್ಟಕ್ಕೆ ಬಿಟ್ಟದ್ದು, ಡೇಟಾಶೀಟ್ ನೋಡಿ. ಎಂ7ನಲ್ಲಿ ಓಡೇನೋ ಓಡುತ್ತದೆ, ಆದರೆ ಅದು ಒಂದೇ ಸೈಕಲ್‌ಗೆ ಎರಡು ಇನ್‌ಸ್ಟ್ರಕ್ಷನ್ ಹೊರಡಿಸಬಲ್ಲ ಚಿಪ್, ಬ್ರಾಂಚ್ ಎತ್ತ ಹೋಗುತ್ತೆ ಅಂತ ಊಹೆಯನ್ನೂ ಮಾಡುತ್ತದೆ. ಅಲ್ಲಿ ಲೋಡ್‌ಗಳನ್ನು ಒಂದು ಸುತ್ತು ಮೊದಲೇ ಹೊರಡಿಸಿಟ್ಟು, ಮತ್ತೆ ಅಳತೆಯಿಂದಲೇ ಶುರು ಮಾಡಿ.