ಪೋಕರ್ ಚಾಂಪಿಯನ್ನರಲ್ಲಿ ಕೆಲವರ ಹೆಸರು ಮಾತ್ರ ಉಳಿಯುವುದೇಕೆ?

ಹಾಲ್ ಫೌಲರ್ ಯಾರೆಂದು ಕೇಳಿದರೆ ದಿನವೂ ಪೋಕರ್ ಆಡುವವರಲ್ಲೂ ಬಹಳ ಮಂದಿ ತಲೆ ಅಲ್ಲಾಡಿಸುತ್ತಾರೆ. 1979ರಲ್ಲಿ ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ ನಡೆದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಯಾದ ಮೇನ್ ಇವೆಂಟ್ ಗೆದ್ದವರು ಅವರು. ವೃತ್ತಿಪರರನ್ನೆಲ್ಲ ದಾಟಿ ಆ ಪಟ್ಟಕ್ಕೇರಿದ ಮೊದಲ ಹವ್ಯಾಸಿ ಆಟಗಾರ. ಕೊನೆಯ ಕೈಯಲ್ಲಿ, ಅಂದರೆ ಎಲೆ ಹಂಚಿ ಆಡಿದ ಕೊನೆಯ ಸುತ್ತಿನಲ್ಲಿ, ಎದುರಾಳಿ ಬಾಬಿ ಹಾಫ್ ಬಳಿ ಎರಡು ಎಕ್ಕ, ಫೌಲರ್ ಬಳಿ ಏಳು-ಆರು. ಇಬ್ಬರಿಗೂ ಸೇರುವ ಎಲೆಗಳಲ್ಲಿ ಮೇಜಿನ ಮೇಲೆ ಮೊದಲು ಬಿದ್ದದ್ದು ಗುಲಾಮ, ಮೂರು, ಐದು. ಸ್ಟ್ರೇಟ್, ಅಂದರೆ ಸಾಲಾಗಿ ಬರುವ ಐದು ಎಲೆ, ಆಗಬೇಕಾದರೆ ನಡುವಿನ ನಾಲ್ಕೇ ಬರಬೇಕಿತ್ತು. ಉಳಿದ 45 ಎಲೆಗಳಲ್ಲಿ ಅಂಥವು ನಾಲ್ಕೇ. ಮುಂದಿನ ಎಲೆಯೇ ನಾಲ್ಕು.

ಇದಾಗಿ 24 ವರ್ಷಕ್ಕೆ, 2003ರಲ್ಲಿ, ಟೆನ್ನೆಸ್ಸೀ ರಾಜ್ಯದ 27ರ ಹರೆಯದ ಅಕೌಂಟೆಂಟ್ ಕ್ರಿಸ್ ಮನಿಮೇಕರ್ ಅದೇ ಸ್ಪರ್ಧೆ ಗೆದ್ದರು. ಇವರೂ ಹವ್ಯಾಸಿಯೇ, ಇವರೂ ಕೊನೆಯಲ್ಲಿ ಎದುರಿಸಿದ್ದು ಪಳಗಿದ ವೃತ್ತಿಪರನನ್ನೇ. ಆದರೆ ಪೋಕರ್ ಗೊತ್ತಿಲ್ಲದವರಿಗೂ ಇವರ ಹೆಸರು ಗೊತ್ತು. ಎರಡೂ ಗೆಲುವಿನ ಕಥೆ ಹೆಚ್ಚುಕಡಿಮೆ ಒಂದೇ ಆಗಿರುವಾಗ ವ್ಯತ್ಯಾಸ ಬಂದದ್ದು ಎಲ್ಲಿಂದ? ಮನಿಮೇಕರ್ ಎಂಬ ಉಪನಾಮವೇ ಕಾರಣ ಎನ್ನುವವರಿದ್ದಾರೆ. ನಾಲಿಗೆಗೆ ಹತ್ತುವ ಹೆಸರು ನೆರವಾಗುತ್ತದೆ, ನಿಜ. ಆದರೆ ಅಷ್ಟರಿಂದಲೇ ಆಗುವ ಕೆಲಸವಲ್ಲ ಇದು. ಉತ್ತರ ಬೇಕಾದರೆ ಒಂದೇ ಒಂದು ಕೈಯನ್ನು ಹತ್ತಿರದಿಂದ ನೋಡಬೇಕು.

ಕೊನೆಗೆ ಉಳಿದದ್ದು ಇಬ್ಬರು: ಮನಿಮೇಕರ್ ಮತ್ತು ಸ್ಯಾಮ್ ಫರ್ಹಾ. ಮನಿಮೇಕರ್ ಕೈಯಲ್ಲಿ ಸ್ಪೇಡ್ ರಾಜ ಮತ್ತು ಹಾರ್ಟ್ ಏಳು. ಫರ್ಹಾ ಕೈಯಲ್ಲಿ ಸ್ಪೇಡ್ ರಾಣಿ ಮತ್ತು ಹಾರ್ಟ್ ಒಂಬತ್ತು. ಮೇಜಿನ ಮೇಲೆ ಸ್ಪೇಡ್ ಒಂಬತ್ತು, ಡೈಮಂಡ್ ಎರಡು, ಸ್ಪೇಡ್ ಆರು. ಫರ್ಹಾಗೆ ಒಂಬತ್ತರ ಜೋಡಿ ಆಗಲೇ ಆಗಿದೆ. ನಾಲ್ಕನೆಯ ಎಲೆ ಸ್ಪೇಡ್ ಎಂಟು. ಫರ್ಹಾ 3 ಲಕ್ಷ ಚಿಪ್ (ಪಣದ ಬಿಲ್ಲೆ) ಇಟ್ಟರು, ಮನಿಮೇಕರ್ ಅದನ್ನು 8 ಲಕ್ಷಕ್ಕೆ ಏರಿಸಿದರು, ಫರ್ಹಾ ಒಪ್ಪಿದರು.

ಈ ಹಂತದಲ್ಲಿ ಮನಿಮೇಕರ್ ಸುಮ್ಮನೆ ಧೈರ್ಯ ತೋರಿಸುತ್ತಿರಲಿಲ್ಲ. ಲೆಕ್ಕ ಹೀಗಿದೆ: ಇಬ್ಬರ ನಾಲ್ಕು ಎಲೆ, ಮೇಜಿನ ನಾಲ್ಕು ಎಲೆ ಬಿಟ್ಟರೆ ಕಟ್ಟಿನಲ್ಲಿ ಉಳಿದದ್ದು 44. ಅವುಗಳಲ್ಲಿರುವ ಎಂಟು ಸ್ಪೇಡ್‌ಗಳಲ್ಲಿ ಯಾವುದು ಬಂದರೂ ಫ್ಲಷ್, ಅಂದರೆ ಒಂದೇ ಜಾತಿಯ ಐದು ಎಲೆ. ಸ್ಪೇಡ್ ಅಲ್ಲದ ಮೂರು ಐದು, ಮೂರು ಹತ್ತುಗಳಲ್ಲಿ ಯಾವುದು ಬಂದರೂ ಸ್ಟ್ರೇಟ್. ಉಳಿದ ಮೂರು ರಾಜರಲ್ಲಿ ಯಾವುದು ಬಂದರೂ ಒಂಬತ್ತರ ಜೋಡಿಗಿಂತ ದೊಡ್ಡ ಜೋಡಿ. ಒಟ್ಟು 17 ಎಲೆ, ಅಂದರೆ ಸುಮಾರು ಶೇ 39. ಐದನೆಯದಾಗಿ ಬಿದ್ದದ್ದು ಹಾರ್ಟ್ ಮೂರು. ಹದಿನೇಳರಲ್ಲಿ ಒಂದೂ ಬರಲಿಲ್ಲ. ಫರ್ಹಾ ಪಣ ಹೂಡದೆ ಸರದಿ ಬಿಟ್ಟುಕೊಟ್ಟರು. ಬರಿಗೈಯಲ್ಲಿದ್ದ ಮನಿಮೇಕರ್ ಆಲ್ ಇನ್ ಅಂದರು, ಅಂದರೆ ಇದ್ದ ಚಿಪ್‌ಗಳನ್ನೆಲ್ಲ ಪಣಕ್ಕಿಟ್ಟರು. ಫ್ಲಷ್ ತಪ್ಪಿಹೋಯಿತಲ್ಲವೇ ಎಂದು ಫರ್ಹಾ ಬಾಯಿಬಿಟ್ಟೇ ಕೇಳಿದರು. ಮನಿಮೇಕರ್ ಕಲ್ಲಿನಂತೆ ಕುಳಿತಿದ್ದರು. ಬಹಳ ಹೊತ್ತು ಯೋಚಿಸಿ ಫರ್ಹಾ ಎಲೆ ಕೆಳಗಿಟ್ಟರು. ಗೆಲ್ಲುವ ಕೈ ಅವರದ್ದೇ ಆಗಿತ್ತು.

ನಮ್ಮ ದೃಷ್ಟಿಯಲ್ಲಿ ಖ್ಯಾತಿಯ ಗುಟ್ಟು ಇರುವುದೇ ಇಲ್ಲಿ. ಯಶಸ್ವಿಯಾದ ಬ್ಲಫ್, ಅಂದರೆ ದುರ್ಬಲ ಕೈಯನ್ನು ಬಲವಾದದ್ದೆಂದು ನಂಬಿಸುವ ಆಟ, ಯಾವ ಗುರುತನ್ನೂ ಉಳಿಸುವುದಿಲ್ಲ. ಎದುರಾಳಿ ಎಲೆ ಬಿಟ್ಟರೆ ಆಟ ಅಲ್ಲಿಗೇ ಮುಗಿಯಿತು. ಯಾರೂ ಯಾರಿಗೂ ಎಲೆ ತೋರಿಸಬೇಕಿಲ್ಲ. ಪಕ್ಕದಲ್ಲೇ ನಿಂತು ನೋಡಿದವರಿಗೂ ಏನಾಯಿತೆಂದು ತಿಳಿಯುವುದಿಲ್ಲ. 1979ರಲ್ಲೋ 1989ರಲ್ಲೋ ಇದೇ ಕೈ ಇದೇ ರೀತಿ ನಡೆದಿದ್ದರೆ, ಒಬ್ಬ ಚಿಪ್ ಮುಂದೆ ತಳ್ಳಿದ, ಇನ್ನೊಬ್ಬ ಎಲೆ ಬಿಟ್ಟ ಎಂಬಷ್ಟೇ ದಾಖಲಾಗುತ್ತಿತ್ತು. 2003ರಲ್ಲಿ ಆಟಗಾರರ ಮುಂದೆ ಅವರ ಗುಪ್ತ ಎಲೆಗಳನ್ನು ಕಾಣುವ ಪುಟ್ಟ ಕ್ಯಾಮೆರಾ ಇತ್ತು. ಆಟಿಕೆಗಳ ಸಂಶೋಧಕ ಹೆನ್ರಿ ಓರೆನ್‌ಸ್ಟೈನ್ 1990ರ ದಶಕದಲ್ಲಿ ಪೇಟೆಂಟ್ ಪಡೆದ ಉಪಾಯ ಅದು. 1999ರಲ್ಲಿ ಬ್ರಿಟನ್ನಿನ ಚಾನೆಲ್ 4 ಗಾಜಿನ ಪಟ್ಟಿಯ ಕೆಳಗೆ ಕ್ಯಾಮೆರಾ ಇಟ್ಟು ಇಂಥದ್ದನ್ನು ಮಾಡಿತ್ತು. ಈಗ ಎಲೆಯೊಳಗೇ ಎಲೆಕ್ಟ್ರಾನಿಕ್ ಚಿಪ್ ಅಡಗಿಸಿ, ಮೇಜಿನಡಿಯ ಆಂಟೆನಾದಿಂದ ಓದುವ ವ್ಯವಸ್ಥೆ ಬಂದಿದೆ. ಈ ಕ್ಯಾಮೆರಾದಿಂದಾಗಿ ಮೇಜಿನಲ್ಲಿ ಕುಳಿತ ಫರ್ಹಾಗೆ ಗೊತ್ತಿಲ್ಲದ್ದು ಮನೆಯಲ್ಲಿ ಕುಳಿತ ನೋಡುಗನಿಗೆ ಗೊತ್ತಾಯಿತು. ಗೊತ್ತಿದ್ದವನಿಗೇ ಎದೆ ಡವಗುಟ್ಟುವುದು.

ಹಳೆಯ ಕಾಲದಲ್ಲಿ ಪ್ರಸಿದ್ಧವಾದ ಕೈಗಳನ್ನು ಇದರೊಂದಿಗೆ ಹೋಲಿಸಿ ನೋಡಿ. 1988ರ ಮೇನ್ ಇವೆಂಟಿನ ಕೊನೆಯಲ್ಲಿ ಜಾನಿ ಚಾನ್ ಎದುರು ಎರಿಕ್ ಸೈಡೆಲ್. ಮೇಜಿನ ಮೇಲೆ ರಾಣಿ, ಹತ್ತು, ಎಂಟು. ಚಾನ್ ಕೈಯಲ್ಲಿ ಗುಲಾಮ-ಒಂಬತ್ತು, ಸ್ಟ್ರೇಟ್ ಸಿದ್ಧ. ಸೈಡೆಲ್ ಬಳಿ ರಾಣಿಯ ಜೋಡಿ. ಚಾನ್ ತಮ್ಮ ಬಲ ಮುಚ್ಚಿಟ್ಟು, ಸೈಡೆಲ್ ತಾವಾಗಿಯೇ ಎಲ್ಲವನ್ನೂ ಒಡ್ಡುವವರೆಗೆ ಕಾದರು. ಈ ಕೈ ಉಳಿದದ್ದು ಕೊನೆಗೆ ಎರಡೂ ಕಡೆಯ ಎಲೆಗಳು ಮೇಜಿನ ಮೇಲೆ ಬಿಚ್ಚಿಕೊಂಡವು ಎಂಬ ಕಾರಣಕ್ಕೆ. ಹತ್ತು ವರ್ಷದ ಮೇಲೆ ಒಂದು ಹಾಲಿವುಡ್ ಚಿತ್ರ ಅದೇ ದೃಶ್ಯವನ್ನು ಬಳಸಿಕೊಂಡಾಗ ಚಾನ್ ಹೆಸರು ಹೊಸ ತಲೆಮಾರಿಗೂ ತಲುಪಿತು. ಕ್ಯಾಮೆರಾ ಬರುವ ಮುಂಚೆ ಎಲೆ ಬಿಚ್ಚಿದ ಕೈಗಳಿಗೆ ಮಾತ್ರ ಖ್ಯಾತಿ ಸಿಗುತ್ತಿತ್ತು. ಆಮೇಲೆ ಎಲೆ ಬಿಟ್ಟ ಕೈಗಳಿಗೂ ಸಿಕ್ಕಿತು. ಪೋಕರ್‌ನಲ್ಲಿ ಬಹುಪಾಲು ಕೈಗಳು ಮುಗಿಯುವುದೇ ಹಾಗಾದ್ದರಿಂದ ಇದು ಸಣ್ಣ ಬದಲಾವಣೆಯಲ್ಲ.

ಕ್ಯಾಮೆರಾದಷ್ಟೇ ಮುಖ್ಯವಾದದ್ದು ಎಡಿಟಿಂಗ್ ಕೋಣೆ. ಇದರ ಬಗ್ಗೆ ಮಾತು ಕಡಿಮೆ. 2003ರ ಆಟ ಮುಗಿದದ್ದು ಮೇ ತಿಂಗಳಲ್ಲಿ. ಇಎಸ್‌ಪಿಎನ್ ಟಿವಿ ವಾಹಿನಿಯ ಕಂತುಗಳು ಬಂದದ್ದು ಆಮೇಲಿನ ತಿಂಗಳುಗಳಲ್ಲಿ. ಗೆದ್ದವನು ಯಾರೆಂದು ಗೊತ್ತಿದ್ದೇ ಎಡಿಟರ್ ಕೆಲಸಕ್ಕೆ ಕೂತಿದ್ದರು. ಹಾಗಾಗಿ ಮುಂದೆ ಗೆಲ್ಲಲಿರುವ ಅಪರಿಚಿತನನ್ನು ಮೊದಲ ಕಂತುಗಳಿಂದಲೇ ಪರಿಚಯಿಸುತ್ತ ಬರಲು ಸಾಧ್ಯವಾಯಿತು. ಗೆಲ್ಲುವ ಹೊತ್ತಿಗೆ ಆತ ನೋಡುಗರ ಮನೆಯವನಾಗಿದ್ದ.

2008ರಲ್ಲಿ ಆಯೋಜಕರು ಕ್ರಮ ಬದಲಿಸಿದರು. ಜುಲೈನಲ್ಲಿ ಒಂಬತ್ತು ಮಂದಿ ಉಳಿದಾಗ ಆಟ ನಿಲ್ಲಿಸಿ, ಫೈನಲ್ ಅನ್ನು ನವೆಂಬರಿನಲ್ಲಿ ನಡೆಸುವುದು. ನಡುವಿನ ತಿಂಗಳುಗಳಲ್ಲಿ ಒಂಬತ್ತೂ ಜನರಿಗೆ ಹೆಸರು ಬರಲಿ ಎಂಬುದು ಉದ್ದೇಶ. ಹೆಸರು ಬಂತು, ಆದರೆ ಒಂಬತ್ತು ಪಾಲಾಗಿ ಹಂಚಿಹೋಯಿತು. ಆರಂಭದ ಕಂತು ಕಟ್ಟುವಾಗ ವಿಜೇತ ಯಾರೆಂದು ಎಡಿಟರಿಗೇ ಗೊತ್ತಿರಲಿಲ್ಲ. 2017ರಲ್ಲಿ ಫೈನಲ್ ಮತ್ತೆ ಜುಲೈಗೇ ಬಂತು. ಈಗಿನ ದೀರ್ಘ ನೇರಪ್ರಸಾರದಲ್ಲಿ ಇನ್ನೊಂದು ತೊಡಕು. ಎಲೆ ಕಾಣುವ ಕ್ಯಾಮೆರಾ ಇರುವುದು ಕೆಲವೇ ಮೇಜುಗಳಲ್ಲಿ. ಮೊದಲ ದಿನಗಳಲ್ಲೆಲ್ಲ ಮೂಲೆಯ ಮೇಜಿನಲ್ಲಿ ಕುಳಿತು ಚಿಪ್ ಕೂಡಿಸಿದ ಆಟಗಾರ ಕೊನೆಗೆ ಗೆದ್ದರೆ, ಅವನ ದಾರಿಯ ಮುಕ್ಕಾಲು ಭಾಗಕ್ಕೆ ದೃಶ್ಯವೇ ಇರುವುದಿಲ್ಲ.

ಮನಿಮೇಕರ್ ಕಥೆಯ ಇನ್ನೊಂದು ಬಲ 86 ಡಾಲರ್. ಮೇನ್ ಇವೆಂಟಿನ ಪ್ರವೇಶ ಶುಲ್ಕ 10,000 ಡಾಲರ್. ಅವರು ಪೋಕರ್‌ಸ್ಟಾರ್ಸ್‌ನಲ್ಲಿ 86 ಡಾಲರಿನ ಆನ್‌ಲೈನ್ ಅರ್ಹತಾ ಪಂದ್ಯದಿಂದ ಶುರುಮಾಡಿ ಆ ಜಾಗ ಗಿಟ್ಟಿಸಿ, 839 ಜನರ ನಡುವೆ ಗೆದ್ದು, 25 ಲಕ್ಷ ಡಾಲರ್ ಪಡೆದರು. ಕೇಳಿದವನು ಉಸಿರು ಬಿಡುವುದರೊಳಗೆ ಇನ್ನೊಬ್ಬನಿಗೆ ಹೇಳಬಹುದಾದ ಕಥೆ, ಮೇಲಾಗಿ ತಾನೂ ಹಾಗೆ ಮಾಡಬಹುದೆಂಬ ಆಸೆ ಹುಟ್ಟಿಸುವ ಕಥೆ. ಮರುವರ್ಷ 2,576 ಜನ ಬಂದರು. 2006ರಲ್ಲಿ 8,773. ಫೌಲರ್ ಗೆಲುವಿನಲ್ಲಿ ಇಂಥ ಮೆಟ್ಟಿಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರನ್ನು ಮೆಚ್ಚಬಹುದಿತ್ತು, ಹಿಂಬಾಲಿಸಲು ದಾರಿ ಇರಲಿಲ್ಲ.

ಬಹುಮಾನದ ಮೊತ್ತಕ್ಕೂ ಖ್ಯಾತಿಗೂ ನಂಟು ತೀರಾ ಸಡಿಲ. 2006ರಲ್ಲಿ ಜೇಮಿ ಗೋಲ್ಡ್ ಗೆದ್ದದ್ದು 1.2 ಕೋಟಿ ಡಾಲರ್. ಮೇನ್ ಇವೆಂಟಿನಲ್ಲಿ ಆ ದಾಖಲೆ ಮುರಿದದ್ದು 17 ವರ್ಷದ ಮೇಲೆ, 1.21 ಕೋಟಿ ಗೆದ್ದ ಡೇನಿಯಲ್ ವೈನ್‌ಮನ್ ಅವರಿಂದ. ಜನಕ್ಕೆ ಹೆಚ್ಚು ನೆನಪಿರುವುದು ಗೋಲ್ಡ್, ಅದೂ ಮೇಜಿನಲ್ಲಿ ಎಡೆಬಿಡದೆ ಮಾತಾಡಿ ಎದುರಾಳಿಯ ತಲೆ ಕೆಡಿಸುತ್ತಿದ್ದ ರೀತಿಗೆ. ಫಿಲ್ ಐವಿ, ಡೇನಿಯಲ್ ನೆಗ್ರಾನು ಇಬ್ಬರೂ ಮೇನ್ ಇವೆಂಟನ್ನು ಒಮ್ಮೆಯೂ ಗೆಲ್ಲದೆ ಹೆಚ್ಚಿನ ಚಾಂಪಿಯನ್ನರಿಗಿಂತ ಹೆಸರುವಾಸಿ. ಅವರು ವರ್ಷಗಟ್ಟಲೆ ಟಿವಿ ಮೇಜಿನಲ್ಲಿ ಕಾಣಿಸಿಕೊಂಡವರು.

ಮತ್ತೆ ಮತ್ತೆ ಗೆಲ್ಲುವುದೇ ನಿಜವಾದ ಮಾನದಂಡ ಎನ್ನುವ ಹಳಬರ ವಾದಕ್ಕೆ ನಮ್ಮ ಗೌರವವಿದೆ, ಆದರೆ ಈಗ ಅದನ್ನು ಅನ್ವಯಿಸುವುದು ಅನ್ಯಾಯ. ಡಾಯ್ಲ್ ಬ್ರನ್ಸನ್ 1976ರಲ್ಲಿ 22 ಜನರ ನಡುವೆ, 1977ರಲ್ಲಿ 34 ಜನರ ನಡುವೆ ಗೆದ್ದರು. ಎಲ್ಲರೂ ಸಮಾನರೆಂದುಕೊಂಡರೆ ಎರಡೂ ಗೆಲ್ಲುವ ಸಾಧ್ಯತೆ 748ರಲ್ಲಿ ಒಂದು. 2023ರಲ್ಲಿ 10,043, 2024ರಲ್ಲಿ 10,112 ಮಂದಿ ಆಡಿದರು. ಆ ಎರಡನ್ನೂ ಗೆಲ್ಲುವ ಸಾಧ್ಯತೆ ಹತ್ತು ಕೋಟಿಯಲ್ಲಿ ಒಂದು. ಉಳಿದವರಿಗಿಂತ ಐದು ಪಟ್ಟು ಹೆಚ್ಚು ಅವಕಾಶವಿರುವ ಆಟಗಾರನಿಗೂ ನಲವತ್ತು ಲಕ್ಷದಲ್ಲಿ ಒಂದು. ಹೀಗಾಗಿ ಈಗಿನ ಚಾಂಪಿಯನ್ ತನ್ನ ಬಲವನ್ನು ಬೇರೆ ಕಡೆ ತೋರಿಸಬೇಕು. 2025ರಲ್ಲಿ ಮೈಕಲ್ ಮಿಜ್ರಾಚಿ 50,000 ಡಾಲರ್ ಶುಲ್ಕದ ಪೋಕರ್ ಪ್ಲೇಯರ್ಸ್ ಚಾಂಪಿಯನ್‌ಶಿಪ್ಪನ್ನು ನಾಲ್ಕನೆಯ ಬಾರಿ ಗೆದ್ದು, ಅದೇ ಬೇಸಿಗೆಯಲ್ಲಿ ಮೇನ್ ಇವೆಂಟನ್ನೂ ಗೆದ್ದಾಗ ಅವರನ್ನು ಒಡನೆಯೇ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಆ ಗೌರವಕ್ಕೆ ಅವರು ಪೂರ್ತಿ ಅರ್ಹರು.

ಸೋತವನು ಯಾರು ಎಂಬುದೂ ಎಣಿಕೆಗೆ ಬರುತ್ತದೆ. 1989ರಲ್ಲಿ 24 ವರ್ಷದ ಫಿಲ್ ಹೆಲ್ಮ್ಯೂತ್ ಸೋಲಿಸಿದ್ದು ಸತತ ಮೂರನೆಯ ಪಟ್ಟದ ಹೊಸ್ತಿಲಲ್ಲಿದ್ದ ಚಾನ್ ಅವರನ್ನು. ದೇಶಕ್ಕೆ ಮೊದಲಿಗರಾದವರಿಗೆ ತವರಿನಲ್ಲಿ ಬೇರೆಯದೇ ಸ್ಥಾನ: 2005ರಲ್ಲಿ ಆಸ್ಟ್ರೇಲಿಯಾದ ಜೋ ಹಾಶೆಮ್, 2011ರಲ್ಲಿ ಜರ್ಮನಿಯ ಪಿಯಸ್ ಹೈನ್ಜ್.

ಬಂದ ಹೆಸರನ್ನು ಕಾಪಾಡಿಕೊಳ್ಳಲು ಹಣವೂ ಬೇಕು, ಮನಸ್ಸೂ ಬೇಕು. ಮನಿಮೇಕರ್ 2020ರ ಕೊನೆಯವರೆಗೂ, ಸುಮಾರು 17 ವರ್ಷ, ಪೋಕರ್‌ಸ್ಟಾರ್ಸ್ ರಾಯಭಾರಿಯಾಗಿದ್ದರು. ಊರೂರು ತಿರುಗಿ ಜನರ ಜೊತೆ ಆಡುವುದೇ ಅವರ ಕೆಲಸವಾಗಿತ್ತು. ಅಮೆರಿಕದಲ್ಲಿ 2006ರ ಅಕ್ಟೋಬರಿನ ಕಾನೂನು ಆನ್‌ಲೈನ್ ಜೂಜಿನ ಹಣ ಪಾವತಿಯನ್ನು ಬಿಗಿಗೊಳಿಸಿತು. 2011ರ ಏಪ್ರಿಲ್ 15ರಂದು ದೊಡ್ಡ ಪೋಕರ್ ತಾಣಗಳ ಮೇಲೆ ಮೊಕದ್ದಮೆ ಬಿತ್ತು. ಆಮೇಲೆ ಗೆದ್ದ ಅಮೆರಿಕನ್ನರಿಗೆ ಅಂಥ ದೀರ್ಘ ಒಪ್ಪಂದಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿತು.

ಮನಸ್ಸಿನ ಮಾತಿಗೆ 1972 ಒಳ್ಳೆಯ ಉದಾಹರಣೆ. ಆಡಿದ್ದು ಎಂಟೇ ಜನ. ಕೊನೆಗೆ ಉಳಿದ ಮೂವರಲ್ಲಿ ಬ್ರನ್ಸನ್‌ಗೆ ಪ್ರಚಾರ ಬೇಡವಾಗಿತ್ತು. ಜೂಜುಗಾರನೆಂದು ಊರಲ್ಲಿ ಹೆಸರಾಗುವುದು ಇಷ್ಟವಿಲ್ಲದೆ ಅವರು ಹಿಂದೆ ಸರಿದರು. ಗೆದ್ದ ಅಮರಿಲೊ ಸ್ಲಿಮ್ ಉದ್ದ ಆಳು, ತಲೆಯ ಮೇಲೆ ಕೌಬಾಯ್ ಟೋಪಿ, ಬಾಯಿ ತುಂಬ ಮಾತು. ಟಿವಿ ಮಾತುಕತೆಗಳಿಗೆ ಕರೆದಾಗಲೆಲ್ಲ ಹೋದರು. ಪೋಕರ್ ಎಂದರೇನೆಂದು ತಿಳಿಯದ ಅಮೆರಿಕನ್ನರು ಗುರುತಿಸಿದ ಮೊದಲ ಚಾಂಪಿಯನ್ ಅವರಾದರು. ಇದಕ್ಕೆ ತದ್ವಿರುದ್ಧ ಡೆನ್ಮಾರ್ಕಿನ ಪೀಟರ್ ಈಸ್ಟ್‌ಗೇಟ್. 2008ರಲ್ಲಿ 22ರ ಹರೆಯದಲ್ಲೇ ಗೆದ್ದು, ಅತಿ ಕಿರಿಯ ಚಾಂಪಿಯನ್ ಎಂಬ ಹೆಲ್ಮ್ಯೂತ್ ದಾಖಲೆ ಮುರಿದರು. ಎರಡು ವರ್ಷದೊಳಗೆ ಆಟ ಬಿಡುವುದಾಗಿ ಹೇಳಿ, ಚಾಂಪಿಯನ್ ಕಂಕಣವನ್ನು ಇಬೇಯಲ್ಲಿ ಹರಾಜಿಗಿಟ್ಟು, ಬಂದ ಹಣವನ್ನು ಯುನಿಸೆಫ್‌ಗೆ ಕೊಟ್ಟರು.