ನಿನ್ನೆಯ ಸ್ಪೀಡು, ಇವತ್ತಿನ ಭುಜ

ಧಾರವಾಡದ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಭುಜ ಹಿಡಿದುಕೊಂಡು ಬರುವವರಲ್ಲಿ ಮೊದಲೆಲ್ಲ ಕ್ರಿಕೆಟ್ ಆಡುವ ಹುಡುಗರು, ಬೋರ್ಡಿನ ಮೇಲೆ ಬರೆದೂ ಬರೆದೂ ಕೈ ಸೋತ ಮಾಸ್ತರರು ಇರುತ್ತಿದ್ದರು. ಈಚೆಗೆ ಕಯಾಕ್, ಅಂದರೆ ಹುಟ್ಟು ಹಾಕುವ ಸಣ್ಣ ಹಗುರ ದೋಣಿ, ನಡೆಸುವವರೂ ಬರುತ್ತಿದ್ದಾರೆ. ಶನಿವಾರ ಸಂಜೆ ಕಾರು ಹತ್ತಿ ದಾಂಡೇಲಿ ಕಡೆ ಹೋಗ್ತಾರೆ. ಭಾನುವಾರ ಕಾಳಿ ನದಿಯಲ್ಲಿ ಹುಟ್ಟು ಹಾಕ್ತಾರೆ. ಸೋಮವಾರ ನನ್ನ ಮುಂದೆ ಕೂತಿರುತ್ತಾರೆ. ಎಲ್ಲಿ ನೋವು ಅಂತ ಕೇಳಿದರೆ ಭುಜಕ್ಕಿಂತ ಮೊದಲು ಫೋನಿನಲ್ಲಿ ಸ್ಪೀಡು ಅಳೆಯುವ ಆ್ಯಪ್ ತೋರಿಸುತ್ತಾರೆ.

"ನೋಡ್ರೀ ಡಾಕ್ಟ್ರ, ಹೋದ ವಾರ ತಾಸಿಗೆ 6 ಕಿಲೋಮೀಟರ್ ಬಂದಿತ್ತು. ಈ ವಾರ 4 ತೋರಸಾಕತ್ತೈತಿ. ಎಷ್ಟು ಜೋರ್ ಹಾಕಿದ್ರೂ ಏರವಲ್ದು."

ಇದನ್ನು ಹೇಳಿದವರು ಬ್ಯಾಂಕ್ ನೌಕರಿಯವರು, ನಲವತ್ತೈದು ದಾಟಿದವರು, ಬಹಳ ಶಿಸ್ತಿನ ಮನುಷ್ಯ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ ನೆಲ ಒರೆಸುವ ಕೋಲು ಕೈಗೆ ಕೊಟ್ಟೆ. ಹುಟ್ಟು ಹಾಕಿದ ಹಾಗೆ ಮಾಡಿ ತೋರಿಸಿ ಅಂದೆ. ಮೊದಲು ಚೆನ್ನಾಗಿಯೇ ಹಾಕಿದರು. ಸೊಂಟದಿಂದ ಮೇಲಿನ ಮೈಯೆಲ್ಲ ಎಡಕ್ಕೆ ಬಲಕ್ಕೆ ತಿರುಗುತ್ತಿತ್ತು. "ಈಗ ಎದುರುಗಾಳಿ ಬಂತು, ಆದರೂ ಸ್ಪೀಡು ಇಳಿಯಬಾರದು" ಅಂದೆ. ನಾಲ್ಕೈದು ಎಳೆತದಲ್ಲೇ ಬಲಭುಜ ಕಿವಿ ಹತ್ತಿರ ಬಂತು. ಮೈ ತಿರುಗೋದು ನಿಂತು ಬರೀ ತೋಳು ಎಳೆಯತೊಡಗಿತು. ಮೇಲಿನ ಕೈ ಹಣೆ ದಾಟಿತು. ಬೆರಳಿನ ಗೆಣ್ಣು ಬೆಳ್ಳಗಾಗುವಷ್ಟು ಬಿಗಿ ಹಿಡಿತ. ನೋವು ಎಲ್ಲಿಂದ ಬಂತು ಅಂತ ನನಗೆ ಅಲ್ಲೇ ಗೊತ್ತಾಯಿತು.

ಭುಜದ ಗುಂಡನ್ನು ಅದರ ಬಟ್ಟಲಲ್ಲಿ ಹಿಡಿದಿಡೋದು ನಾಲ್ಕು ಸಣ್ಣ ಸ್ನಾಯುಗಳು. ದೋಣಿ ಎಳೆಯುವ ಕೆಲಸ ಅವುಗಳದ್ದಲ್ಲ. ಅದು ಬೆನ್ನು, ಹೊಟ್ಟೆ, ಸೊಂಟದ ದೊಡ್ಡ ಸ್ನಾಯುಗಳ ಕೆಲಸ. ದಣಿದಾಗ ಮೈ ತಿರುಗೋದು ನಿಲ್ಲುತ್ತದೆ, ಭಾರವೆಲ್ಲ ಆ ನಾಲ್ಕರ ಮೇಲೆ ಬೀಳುತ್ತದೆ. ದಣಿದವನು ಸುಮ್ನೆ ನಿಧಾನ ಮಾಡಿದರೆ ಏನೂ ಆಗೋದಿಲ್ಲ. ಆದರೆ ಫೋನಿನಲ್ಲಿ ಹೋದ ವಾರದ ನಂಬರ್ ಕೂತಿದೆಯಲ್ಲ, ಅದು ನಿಧಾನ ಮಾಡೋಕೆ ಬಿಡೋದಿಲ್ಲ.

ಆ್ಯಪ್ ಬೇಡ ಅಂತ ನಾನು ಯಾರಿಗೂ ಹೇಳಿಲ್ಲ. ನಾನೂ ಬಳಸ್ತೀನಿ. ಓಟ, ಸೈಕಲ್ಲು ಎಲ್ಲ ದಾಖಲಿಸುವ ಸ್ಟ್ರಾವಾ ಅನ್ನೋ ಆ್ಯಪಿನಲ್ಲಿ ಕಯಾಕಿಂಗ್ ಅಂತಲೇ ಬೇರೆ ವಿಭಾಗ ಇದೆ. ಎಷ್ಟು ದೂರ, ಎಷ್ಟು ಹೊತ್ತು, ಯಾವ ದಾರಿ ಅಂತ ನೆನಪಿಡೋಕೆ ಒಳ್ಳೇದು. ನನ್ನ ತಕರಾರು ಒಂದೇ. ಅದು ಏನನ್ನು ಅಳೆಯುತ್ತಿದೆ ಅನ್ನೋದನ್ನು ತಿಳಿದುಕೊಳ್ಳಿ. ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆ ಆಡಿಸಿ ಹೋಗಿ, ಮುಂದಿನ ಸೋಮವಾರ ಮತ್ತೆ ಅದೇ ನಂಬರ್ ಹಿಡಿದುಕೊಂಡು ಬರ್ತಾರೆ. ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತೀನಿ.

ನಿಮ್ಮ ಫೋನು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ತಿರುಗುವ ಜಿಪಿಎಸ್ ಉಪಗ್ರಹಗಳಲ್ಲಿ ಕನಿಷ್ಠ 4ರ ಸಿಗ್ನಲ್ ಹಿಡಿದು, ನೆಲದ ಮೇಲೆ ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಹಾಕುತ್ತದೆ. ಈ ಎರಡು ಜಾಗದ ನಡುವಿನ ದೂರವನ್ನು ಹಿಡಿದ ಹೊತ್ತಿನಿಂದ ಭಾಗಿಸಿದರೆ ಬರೋದೇ ನಿಮ್ಮ ಸ್ಪೀಡು. ಅಷ್ಟೇ. ನೀವು ನೀರನ್ನು ಎಷ್ಟು ಎಳೆದಿರಿ ಅನ್ನೋದು ಅದಕ್ಕೆ ಕಾಣೋದೇ ಇಲ್ಲ.

ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಹೊರಟಿದ್ದೀರಿ ಅಂದುಕೊಳ್ಳಿ. ಬಸ್ಸು ಓಡುತ್ತಿರುವಾಗ ನೀವು ಡ್ರೈವರ್ ಹತ್ತಿರದಿಂದ ಎದ್ದು ಹಿಂದಿನ ಸೀಟಿಗೆ ನಡೆದು ಹೋಗ್ತೀರಿ. ನಿಮ್ಮ ಕಾಲು ಧಾರವಾಡದ ಕಡೆಗೆ ನಡೆದಿವೆ. ಫೋನಿನ ಲೆಕ್ಕದಲ್ಲಿ ಮಾತ್ರ ನೀವು ಹುಬ್ಬಳ್ಳಿ ಕಡೆಗೇ ಜೋರಾಗಿ ಹೋಗ್ತಾ ಇದ್ದೀರಿ. ಹರಿಯುವ ನದಿ ಆ ಬಸ್ಸಿನ ಹಾಗೆ. ಕಯಾಕಿನಲ್ಲಿ ಕೂತ ನೀವು ಬಸ್ಸಿನೊಳಗೆ ನಡೆಯುವವರು.

ಕಾಳಿಯಲ್ಲಂತೂ ಈ ಬಸ್ಸು ದಿನಕ್ಕೊಂದು ಸ್ಪೀಡಿನಲ್ಲಿ ಓಡುತ್ತದೆ. ಮೇಲೆ ಗಣೇಶಗುಡಿ ಹತ್ತಿರ ಸೂಪಾ ಅಣೆಕಟ್ಟಿದೆ. ಕರೆಂಟ್ ತಯಾರಿಸಲು ನೀರು ಬಿಟ್ಟಾಗ ಹರಿವು ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಹೋದ ಭಾನುವಾರದ ನದಿ ಈ ಭಾನುವಾರ ಇರೋದಿಲ್ಲ. ಆ 6 ಮತ್ತು ಈ 4, ಎರಡರಲ್ಲೂ ನಮ್ಮ ಬ್ಯಾಂಕಿನವರ ಪಾಲು ಎಷ್ಟು, ನದಿಯ ಪಾಲು ಎಷ್ಟು? ಆ್ಯಪ್ ಅದನ್ನು ಬಿಡಿಸಿ ಹೇಳೋದಿಲ್ಲ.

"ಹಂಗಾದ್ರ ಹೋಗಿ ಬರೋದು ಎರಡೂ ಕೂಡಿಸಿದ್ರ ಸರಿ ಹೋಗ್ತದಲ್ರೀ?" ಅಂತ ಅವರು ಕೇಳಿದರು. ಎಲ್ಲರೂ ಕೇಳ್ತಾರೆ. ಇಲ್ಲ, ಸರಿ ಹೋಗೋದಿಲ್ಲ. ಪೆನ್ನು ತಗೊಂಡು ಬರೆದು ನೋಡಿ. ನಿಂತ ನೀರಲ್ಲಿ ನಿಮ್ಮ ಸ್ಪೀಡು ತಾಸಿಗೆ 5 ಕಿಲೋಮೀಟರ್. ನದಿ ತಾಸಿಗೆ 2 ಕಿಲೋಮೀಟರ್ ಹರಿಯುತ್ತಿದೆ. ನೀರಿನ ಜೊತೆ ಹೋದರೆ 7, ಎದುರು ಬಂದರೆ 3. ಮೂರೂವರೆ ಕಿಲೋಮೀಟರ್ ಕೆಳಗೆ ಹೋಗೋಕೆ 30 ನಿಮಿಷ. ಅದೇ ಮೂರೂವರೆ ಮೇಲೆ ಬರೋಕೆ 70 ನಿಮಿಷ. ಒಟ್ಟು 7 ಕಿಲೋಮೀಟರಿಗೆ 100 ನಿಮಿಷ. ಸರಾಸರಿ 4.2. ನೀವು ಒಂದೇ ಸಮ 5ರ ಶ್ರಮ ಹಾಕಿದ್ದೀರಿ, ಆದರೂ ಆ್ಯಪ್ 4.2 ಅನ್ನುತ್ತದೆ. ಯಾಕಂದ್ರೆ ಎದುರು ನೀರಲ್ಲಿ ಕಳೆಯುವ ಹೊತ್ತು ಜಾಸ್ತಿ. ಆ ಸರಾಸರಿಯನ್ನು 5ಕ್ಕೆ ಏರಿಸ್ತೀನಿ ಅಂತ ಹೊರಟರೆ ಏಟು ತಿನ್ನೋದು ಭುಜ.

ಹಾವೇರಿ ಜಿಲ್ಲೆಯ ಚೌಡಯ್ಯದಾನಪುರಕ್ಕೆ ಹೋದಾಗಲೆಲ್ಲ ನಾನು ಮುಕ್ತೇಶ್ವರ ಗುಡಿ ನೋಡಿ ಹೊಳೆ ದಂಡೆಗೆ ಇಳೀತೀನಿ. ಅಂಬಿಗರ ಚೌಡಯ್ಯನ ಊರು, ಮುಂದೆ ತುಂಗಭದ್ರೆ. ತುಂಬಿದ ಹೊಳೆ ದಾಟಿಸುವ ಅಂಬಿಗರು ಆಚೆ ದಡದ ಕಲ್ಲಿಗೆ ಹೋಗಬೇಕಾದರೆ ಆ ಕಲ್ಲಿನ ಕಡೆ ನೇರ ಹುಟ್ಟು ಹಾಕೋದಿಲ್ಲ. ಮೇಲಿನ ನೀರಿನ ಕಡೆ ಓರೆಯಾಗಿ ಹಾಕ್ತಾರೆ. ಹೊಳೆ ಕೆಳಗೆ ತಳ್ಳುತ್ತದೆ, ಇಬ್ಬರ ಲೆಕ್ಕ ಕೂಡಿ ಕಲ್ಲಿಗೇ ಬಂದು ಮುಟ್ಟುತ್ತಾರೆ. ಅವರ ಜೇಬಿನಲ್ಲಿ ಆ್ಯಪ್ ಇದ್ದಿದ್ದರೆ ಮ್ಯಾಪಿನ ಮೇಲೆ ಒಂದು ನೆಟ್ಟ ಗೆರೆ ಬರುತ್ತಿತ್ತು. ಆ ಓರೆ ಎಳೆತದ ಕಷ್ಟ ಗೆರೆಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ.

ಕೆರೆಯಲ್ಲಿ ಹರಿವಿಲ್ಲ, ಅಲ್ಲಿ ನಂಬರ್ ನಂಬಬಹುದು ಅಲ್ವಾ ಅಂದರೆ, ಗಾಳಿ ಇದೆ. ಉಣಕಲ್ ಕೆರೆ ದಂಡೆಯಲ್ಲಿ ವಾಕಿಂಗ್ ಹೋಗುವವರು ಅಂತರಗಂಗೆಯನ್ನು ನೋಡಿರುತ್ತೀರಿ. ಗಾಳಿ ತಿರುಗಿದರೆ ತೇಲುವ ಗಿಡಗಳ ರಾಶಿ ಈ ದಡದಿಂದ ಆ ದಡಕ್ಕೆ ಸರಿದಿರುತ್ತದೆ. ಅದನ್ನು ನೂಕುವ ಗಾಳಿ ನಿಮ್ಮ ಹಗುರ ದೋಣಿಯನ್ನೂ ನೂಕುತ್ತದೆ.

ಹಾಗಾದರೆ ಏನನ್ನು ಬರೆದಿಡಬೇಕು? ಶ್ರಮವನ್ನು. ದಡಕ್ಕೆ ಬಂದು ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಸೊನ್ನೆಯಿಂದ 10ರವರೆಗೆ ಇವತ್ತಿನದು ಎಷ್ಟು ಕಷ್ಟ ಇತ್ತು? ಆ ಅಂಕಿಯನ್ನು ನಿಮಿಷಗಳಿಂದ ಗುಣಿಸಿ. 50 ನಿಮಿಷ, ಕಷ್ಟ 4 ಅಂದರೆ 200. ಅದೇ 50 ನಿಮಿಷ, ಕಷ್ಟ 8 ಅಂದರೆ 400. ದೂರ ಎರಡು ದಿನವೂ ಒಂದೇ ಇರಬಹುದು, ಭುಜಕ್ಕೆ ಬಿದ್ದ ಹೊರೆ ಎರಡು ಪಟ್ಟು. ಕ್ರೀಡಾ ತರಬೇತಿಯಲ್ಲಿ ಬಹಳ ದಿನದಿಂದ ಬಳಕೆಯಲ್ಲಿರುವ ಲೆಕ್ಕ ಇದು. ಶ್ರಮದ ಅಂಕಿ ಬರೆಯೋಕೆ ಸ್ಟ್ರಾವಾದಲ್ಲೇ ಜಾಗ ಇದೆ, ಯಾರೂ ತುಂಬೋದಿಲ್ಲ. ನೀರಿನ ಮೇಲಿದ್ದಾಗಲಾದರೆ ಮಾತಾಡಿ ನೋಡಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗುತ್ತಿದ್ದರೆ ಸರಿ. ಎರಡು ಶಬ್ದಕ್ಕೊಮ್ಮೆ ಉಸಿರು ಬೇಕಾದರೆ, ಸ್ಕ್ರೀನಿನಲ್ಲಿ ಸ್ಪೀಡು 3 ಇರಲಿ 7 ಇರಲಿ, ಅದು ಜೋರಿನ ಕೆಲಸವೇ.

ಉಳಿದದ್ದು ಸಣ್ಣಪುಟ್ಟದ್ದು. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಫೋನು ಸಿಗ್ನಲ್ ಕೇಳಿಸಿಕೊಳ್ಳುತ್ತದೆ ಅಷ್ಟೇ. ಬ್ಯಾಟರಿ ಸೇವರ್ ಮಾತ್ರ ಆ್ಯಪನ್ನು ಅರ್ಧದಲ್ಲಿ ಮಲಗಿಸಬಹುದು, ಅದನ್ನು ತೆಗೆದಿಡಿ. ದಡಕ್ಕೆ ಬಂದ ಮೇಲೆ ನಿಲ್ಲಿಸೋದು ಮರೆತು ಕಾರು ಹತ್ತಿದರೆ ಕಾರಿನ ಸ್ಪೀಡೂ ಸೇರುತ್ತದೆ, ಆ ಭಾಗ ಕತ್ತರಿಸಿ. ಕ್ಯಾಲರಿ ಲೆಕ್ಕ ಬರೀ ಅಂದಾಜು, ಅದನ್ನು ನಂಬಿ ಮಿರ್ಚಿ-ಗಿರ್ಮಿಟ್ ತಿನ್ನಬೇಡಿ. ಲೈಫ್ ಜಾಕೆಟ್ ಬಗ್ಗೆ ನಾನು ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಕಯಾಕ್ ನಡೆಸುವವರ ಎಲ್ಲ ಭುಜನೋವಿಗೂ ಇದೇ ಕಾರಣ ಅಂತ ಹೇಳಲಾರೆ. ನಲವತ್ತು ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಭುಜ ತಾನೇ ಬಿಗಿಯಾಗುವುದುಂಟು. ರಾತ್ರಿ ನಿದ್ದೆಗೆಡಿಸುವ ನೋವು, ಕೈ ಜೋಮು, ತೋಳು ಎತ್ತೋಕೇ ಆಗದಿರುವುದು ಇದ್ದರೆ ಪರೀಕ್ಷೆ ಮಾಡಿಸಿ. ಭುಜದ ಜೊತೆ ಎದೆ ಹಿಡಿದರೆ ನನ್ನಂಥವರ ಹತ್ತಿರ ಬರಬೇಡಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ.

ನಮ್ಮ ಬ್ಯಾಂಕಿನವರಿಗೆ ಆರು ವಾರ ವ್ಯಾಯಾಮ ಹೇಳಿಕೊಟ್ಟೆ. ಹುಟ್ಟು ಹಾಕುವಾಗ ಮೇಲಿನ ಕೈ ಕಣ್ಣಿನ ಮಟ್ಟ ದಾಟಬಾರದು, ಬೆರಳು ಸಡಿಲ ಇರಬೇಕು ಅಂತ ಕೋಲು ಕೊಟ್ಟು ಮತ್ತೆ ಮತ್ತೆ ಮಾಡಿಸಿದೆ. ಹೋದ ತಿಂಗಳು ಬಂದವರು ಎಂದಿನಂತೆ ಫೋನ್ ಮುಂದೆ ಹಿಡಿದರು. ಸರಾಸರಿ 3.8 ಇತ್ತು. ಅದರ ಕೆಳಗೆ ಕನ್ನಡದಲ್ಲಿ ಬರೆದುಕೊಂಡಿದ್ದರು: "ನೀರು ಜೋರು, ಬರುವಾಗ ಎದುರುಗಾಳಿ. ಕಷ್ಟ 5. ಎರಡು ಸಲ ದಂಡೆಗೆ ನಿಂತೆ."

ನಾನು ಫೋನ್ ವಾಪಸ್ ಕೊಟ್ಟು, ಕೈ ಮೇಲೆತ್ತಿ ಅಂದೆ. ಕಿವಿಗೆ ತಾಗುವವರೆಗೂ ಎತ್ತಿದರು.