ಮಂಡಿಗೆ ಕತ್ತರಿ, ಕಪ್ಪೆಗೆ ಮದುವೆ

ನಮ್ಮ ದೊಡ್ಡಮ್ಮನ ಕೈಯಲ್ಲಿ ಒಂದು ತಾಮ್ರದ ಕಡಗ ಇದೆ. ಮಂಡಿನೋವಿಗೆ. ಕೈಯಲ್ಲಿರುವ ತಾಮ್ರ ಮಂಡಿಗೆ ಹೇಗೆ ಇಳಿಯುತ್ತದೆ ಎಂದು ಕೇಳಿದರೆ, "ನೋವು ಹೋಯ್ತಲ್ಲಪ್ಪಾ, ಹೇಗೆ ಹೋದ್ರೆ ನಿಂಗೇನು?" ಅನ್ನುತ್ತಾರೆ. ಸುಮ್ನೆ ನಕ್ಕು ಬಿಡುವಂಥ ಮಾತಲ್ಲ ಇದು. ಇದೇ ಮಾತಿಗೆ ದೊಡ್ಡ ದೊಡ್ಡ ಡಾಕ್ಟರುಗಳೂ ಮೋಸ ಹೋಗಿದ್ದಾರೆ.

1796ರಲ್ಲಿ ಅಮೆರಿಕದ ಎಲೈಶಾ ಪರ್ಕಿನ್ಸ್ ಎಂಬ ವೈದ್ಯ ಎರಡು ಲೋಹದ ಕಡ್ಡಿಗಳಿಗೆ ಪೇಟೆಂಟ್ ಪಡೆದ. ನೋಯುವ ಜಾಗದ ಮೇಲೆ ಎಳೆದರೆ ಸಾಕು, ನೋವು ಮಾಯವಂತೆ. ಲಂಡನ್ನಿನಲ್ಲಿ ಜೋಡಿಗೆ ಐದು ಗಿನಿ, ಅಂದರೆ ಆಗಿನ ಐದು ಚಿನ್ನದ ನಾಣ್ಯ. ಇಂಗ್ಲೆಂಡಿನ ಬಾತ್ ಊರಿನ ಡಾ. ಜಾನ್ ಹೇಗಾರ್ತ್‌ಗೆ ಅನುಮಾನ ಬಂತು. 1799ರ ಜನವರಿಯಲ್ಲಿ ಅವರು ನೋಡಲು ಥೇಟ್ ಹಾಗೇ ಇರುವ ಮರದ ಕಡ್ಡಿ ಮಾಡಿಸಿ, ಹಳೇ ಕೀಲುನೋವಿನ ಐವರ ಮೇಲೆ ಎಳೆದರು. ನಾಲ್ವರಿಗೆ ಆರಾಮ! ಮರುದಿನ ನಿಜವಾದ ಕಡ್ಡಿ ಎಳೆದಾಗಲೂ ಅಷ್ಟೇ.

ಸರಿ, ಅದು ಕಡ್ಡಿ. ಆಪರೇಷನ್ ಆದರೆ?

ಸವೆದ ಮಂಡಿಯೊಳಗೆ ಸಣ್ಣ ಕ್ಯಾಮೆರಾ ತೂರಿಸಿ, ಒಳಗಿನ ಚೂರುಪಾರು ಕೆರೆದು ತೊಳೆಯುವ ಆರ್ತ್ರೋಸ್ಕೋಪಿ ಆಪರೇಷನ್ ಅಮೆರಿಕದಲ್ಲಿ ಒಂದು ಕಾಲಕ್ಕೆ ವರ್ಷಕ್ಕೆ ಆರೂವರೆ ಲಕ್ಷ ನಡೆಯುತ್ತಿತ್ತು. ಒಂದಕ್ಕೆ ಸುಮಾರು 5,000 ಡಾಲರ್ ಖರ್ಚು. ಹ್ಯೂಸ್ಟನ್ನಿನ ಡಾ. ಬ್ರೂಸ್ ಮೋಸ್ಲಿ ಬಾಸ್ಕೆಟ್‌ಬಾಲ್ ತಂಡದ ವೈದ್ಯರೂ ಆಗಿದ್ದವರು, ಕೈ ಪಳಗಿದ ಸರ್ಜನ್. ಅವರು ಮಾಜಿ ಸೈನಿಕರ ಆಸ್ಪತ್ರೆಯಲ್ಲಿ 180 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೆರೆತ, ಇನ್ನೊಂದಕ್ಕೆ ಬರೀ ತೊಳೆತ. ಮೂರನೆಯವರಿಗೆ ಚರ್ಮದ ಮೇಲೆ ಮೂರು ಗಾಯ ಮಾತ್ರ. ಸರ್ಜನ್ ಉಪಕರಣ ಕೇಳುತ್ತಿದ್ದರು, ಕಾಲು ಮಡಚುತ್ತಿದ್ದರು, ತೊಳೆಯುವ ಸದ್ದು ಬರಲಿ ಅಂತ ಉಪ್ಪುನೀರು ಚೆಲ್ಲುತ್ತಿದ್ದರು. ಒಳಗೆ ಏನೂ ಮಾಡಲಿಲ್ಲ. ಯಾರು ಯಾವ ಗುಂಪು ಅನ್ನುವ ಲಕೋಟೆ ಒಡೆಯುತ್ತಿದ್ದದ್ದೇ ಆಪರೇಷನ್ ಕೋಣೆಯಲ್ಲಿ. ಹೀಗೂ ಆಗಬಹುದು ಅಂತ ರೋಗಿಗಳು ಮೊದಲೇ ತಮ್ಮ ಕೈಯಾರೆ ಬರೆದು ಒಪ್ಪಿದ್ದರು ಅನ್ನಿ. ಫಲಿತಾಂಶ 2002ರಲ್ಲಿ ಬಂತು. ಎರಡು ವರ್ಷದುದ್ದಕ್ಕೂ ನಿಜವಾದ ಆಪರೇಷನ್ ಆದವರು ನಾಟಕದ ಆಪರೇಷನ್ ಆದವರಿಗಿಂತ ಒಂದು ಚೂರೂ ಮೇಲಿರಲಿಲ್ಲ.

"ಹಾಗಾದರೆ ಎಲ್ಲಾ ಮನಸ್ಸಿನ ಭ್ರಮೆ" ಅಂತ ಹಾರಬೇಡಿ. ನಂಬಿಕೆಯ ಪಾಲು ಇದೆ, ನಿಜ. ಆದರೆ ಯಾರೂ ಜಾಸ್ತಿ ಮಾತಾಡದ ಇನ್ನೊಂದು ಸಂಗತಿ ಇದೆ, ನನಗೆ ಅದೇ ಇಷ್ಟ. ಮಳೆ ಕೈಕೊಟ್ಟರೆ ನಮ್ಮ ಕಡೆ ಕಪ್ಪೆಗಳಿಗೆ ಮದುವೆ ಮಾಡಿಸುತ್ತಾರೆ. ಯಾವಾಗ? ಕಾದು ಕಾದು ಸಾಕಾಗಿ, ಜುಲೈ ಹತ್ತಿರ ಬಂದಾಗ. ಮದುವೆಯಾದ ವಾರಕ್ಕೆ ಮಳೆ! ಜನವರಿಯಲ್ಲಿ ಯಾರೂ ಕಪ್ಪೆ ಮದುವೆ ಮಾಡುವುದಿಲ್ಲ, ಗಮನಿಸಿ. ಬಸ್ಸಿಗೆ ಮುಕ್ಕಾಲು ಗಂಟೆ ಕಾದು ಆಟೋ ಹತ್ತುತ್ತೀರಿ, ತಿರುಗಿ ನೋಡಿದರೆ ಬಸ್ಸು. ಆಟೋ ಹತ್ತಿದ್ದಕ್ಕೇ ಬಸ್ಸು ಬಂತೇ? ಟೊಮೆಟೊ ಕಿಲೋಗೆ ನೂರು ರೂಪಾಯಿ ಆದಾಗ ಎಲ್ಲರೂ ಹುಣಸೆಹಣ್ಣಿನ ಸಾರಿಗೆ ಇಳಿಯುತ್ತೇವೆ, ಆಮೇಲೆ ಬೆಲೆ ಇಳಿಯುತ್ತದೆ. ಮಂಡಿನೋವೂ ಹಾಗೆಯೇ ಏರಿ ಇಳಿಯುವ ನೋವು. ತಡೆಯಲಾಗದಷ್ಟು ಏರಿದ ದಿನವೇ ನಾವು ಡಾಕ್ಟರ ಹತ್ತಿರ ಹೋಗುವುದು, ಕಡಗ ಕೊಳ್ಳುವುದು. ಅಲ್ಲಿಂದ ಅದಕ್ಕೆ ಇಳಿಯುವ ದಾರಿಯೇ ಹೆಚ್ಚು. ಇಳಿದಾಗ ಹೊಗಳಿಕೆ ಕಡಗಕ್ಕೆ.

ಆದ್ದರಿಂದಲೇ ಹೋಲಿಸಿ ನೋಡಲು ಇನ್ನೊಂದು ಗುಂಪು ಬೇಕು. ಫಿನ್ಲೆಂಡಿನಲ್ಲಿ ಮಂಡಿಯೊಳಗಿನ ಮೆನಿಸ್ಕಸ್ ಎಂಬ ಮೆತ್ತೆ ಸವೆದು ಹರಿದ 146 ಜನರ ಮೇಲೆ ಇಂಥದ್ದೇ ನಾಟಕದ ಆಪರೇಷನ್ ಪ್ರಯೋಗ ನಡೆಯಿತು. 2013ರಲ್ಲಿ ಪ್ರಕಟವಾದ ಅದರಲ್ಲೂ ವರ್ಷ ಕಳೆದ ಮೇಲೆ ಎರಡೂ ಗುಂಪು ಸಮ. ತಮಾಷೆಯೆಂದರೆ, ನಾಟಕದ ಆಪರೇಷನ್ ಆದವರಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ "ಬೇಕಾದರೆ ಇನ್ನೊಮ್ಮೆ ಮಾಡಿಸಿಕೊಳ್ಳುತ್ತೇವೆ" ಅಂದರು. ಅದೇ ವರ್ಷ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ತಾಮ್ರದ ಕಡಗದ ಪರೀಕ್ಷೆಯನ್ನೂ ಪ್ರಕಟಿಸಿದರು. 70 ರೋಗಿಗಳಿಗೆ ತಾಮ್ರದ್ದು, ಆಯಸ್ಕಾಂತದ್ದು, ಬರೀ ತೋರಿಕೆಯದು ಎಲ್ಲವನ್ನೂ ಸರದಿಯಂತೆ ಐದೈದು ವಾರ ತೊಡಿಸಿ ನೋಡಿದರು. ತಾಮ್ರಕ್ಕೆ ಯಾವ ವಿಶೇಷವೂ ಕಾಣಲಿಲ್ಲ.

ದೊಡ್ಡಮ್ಮನದು ಸವೆತದ ನೋವು. ಕಡಗ ಇದ್ದರೂ ನಷ್ಟ ಅಷ್ಟಿಲ್ಲ, ಅವರು ದಿನಾ ನಡೆಯುತ್ತಾರೆ, ತೊಡೆಗೆ ಬಲ ಬರುವ ವ್ಯಾಯಾಮ ಮಾಡುತ್ತಾರೆ. ನನಗೆ ಭಯ ಬೇರೆಯವರದು. ಯಾರ್ಕಿನ ಆ 70 ಜನರಿಗೆ ಇದ್ದದ್ದು ರುಮಟಾಯ್ಡ್ ಸಂಧಿವಾತ. ಅಲ್ಲಿ ದೇಹದ ಕಾವಲು ಪಡೆಯೇ ಕೀಲಿನ ಮೇಲೆ ಬೀಳುತ್ತದೆ. ನೋವು ತಾನಾಗಿ ಇಳಿದ ವಾರದಲ್ಲೂ ಒಳಗೆ ಮೂಳೆ ಕರಗುತ್ತಲೇ ಇರಬಹುದು. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ (ದಿನಾ ಅಲ್ಲ, ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ) ಆ ಕರಗುವಿಕೆಯನ್ನು ನಿಧಾನ ಮಾಡುತ್ತದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಬೆಳಿಗ್ಗೆ ಎದ್ದಾಗ ಎರಡೂ ಕೈಯ ಬೆರಳ ಗೆಣ್ಣು ಊದಿ, ಗಂಟೆ ಕಳೆದರೂ ಬಿಗಿತ ಬಿಡದೆ, ವಾರಗಟ್ಟಲೆ ಹಾಗೇ ಇದ್ದರೆ, ಕೀಲುವಾತ ನೋಡುವ ರುಮಟಾಲಜಿಸ್ಟ್ ಹತ್ತಿರ ಹೋಗಿ. ಕಡಗ ಬೇಕಾದರೆ ಹಾಕಿಕೊಂಡೇ ಹೋಗಿ.